ಗೋಡೆಯಾಚೆಗೆ ಬಾಲ ಚಾಚಿದ್ದ ಮೀನು

ಸೂರ್ಯ ಇನ್ನೂ ಬೆಟ್ಟದ ಬೆನ್ನಿಗಿದ್ದಾನೆ. ಕ್ವಾರಿಯ ಹಾಸಿನ ಮೇಲೆ ಮಂಡಿಯೂರಿದ ವರ್ದೆ ಒಂದು ಚಪ್ಪಡಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಎಡಗೈಯಲ್ಲಿ ಹಿಡಿದು, ಬಲಗೈಯ ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಟಣ್. ಕೊಂಚ ಕೆಳಗೆ ಸರಿದು ಮತ್ತೊಮ್ಮೆ. ಟಣ್. ಇನ್ನೊಂದು ಏಟಿಗೆ ಸದ್ದು ತುಸು ಮಂಕಾಗುತ್ತದೆ. ಸುತ್ತಿಗೆ ನಿಲ್ಲದೆ ಮುಂದೆ ಹೋಗುತ್ತದೆ.

"ಅಲ್ಲೇ, ಅಲ್ಲೇ," ಎನ್ನುತ್ತಾರೆ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಗಂಡ ತನ್ನೂಸ್.

"ಗೊತ್ತು."

"ಗೊತ್ತಿದ್ರೆ ಯಾಕೆ ದಾಟಿ ಹೋದೆ?"

"ನಿಂಗೆ ಎಚ್ಚರ ಇದೆಯೋ ಇಲ್ವೋ ನೋಡೋಣ ಅಂತ."

ಮಂಕು ಸದ್ದು ಬಂದ ಕಡೆ ವರ್ದೆ ತೆಳು ಉಳಿಯನ್ನು ಇಡುತ್ತಾರೆ. ಒಂದೇ ಏಟು ಹಾಕುವುದಿಲ್ಲ, ಅಂಚಿನುದ್ದಕ್ಕೂ ಸಣ್ಣ ಸಣ್ಣ ಏಟು. ಕಲ್ಲು ಸೀಳಿ ಎರಡಾಗುತ್ತಿದ್ದಂತೆ ಸೀಮೆಎಣ್ಣೆಯಂಥ ವಾಸನೆ ಗಪ್ಪನೆ ಏಳುತ್ತದೆ. ಬೆಣ್ಣೆ ಬಣ್ಣದ ಕಲ್ಲಿನ ಮೇಲೆ ಚಹದ ಬಣ್ಣದ ಮೀನೊಂದು ಮಲಗಿದೆ. ಮುಳ್ಳಿನ ಸಾಲು, ರೆಕ್ಕೆಯ ಎಳೆ, ಕಣ್ಣಿನ ಗುಳಿ, ಎಲ್ಲವೂ ನಿನ್ನೆ ಸಂಜೆ ಯಾರೋ ಬರೆದಿಟ್ಟ ಹಾಗೆ.

"ಏನು ಬಂತು?"

"ಗೇಣುದ್ದದ್ದು. ಬಾಲ ಪೂರ್ತಿ ಇದೆ."

"ಬಾಯಿ?"

"ತೆರೆದುಕೊಂಡಿದೆ. ನಿನ್ನ ಹಾಗೇ."

ತನ್ನೂಸ್ ಗಹಗಹಿಸಿ ನಗುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ.

ಜಬೈಲ್ ಪಟ್ಟಣದಿಂದ ಲೆಬನಾನ್ ಬೆಟ್ಟಕ್ಕೆ ಏರುವ ರಸ್ತೆ ಉಸಿರುಗಟ್ಟಿ ನಿಲ್ಲುವಲ್ಲಿ ಐನ್ ಬಲ್ಲೂತ್ ಇದೆ. ಪಕ್ಕದ ಕಣಿವೆಯವನಾದ ನನಗೆ ಈ ಊರು ಚಿಕ್ಕಂದಿನಿಂದ ಗೊತ್ತು. ಇಲ್ಲಿಯ ಕಲ್ಲಿನಲ್ಲಿ ಮೀನಿರುವುದು ನಮ್ಮಜ್ಜಂದಿರಿಗೂ ಗೊತ್ತಿತ್ತು. ಹೊಸ ಮನೆ ಕಟ್ಟಿದವರಿಗೆ, ಮದುಮಕ್ಕಳಿಗೆ, ಪಾದ್ರಿಗಳಿಗೆ ಕಲ್ಲುಮೀನು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ನೋಹನ ಪ್ರಳಯದಲ್ಲಿ ಸಿಕ್ಕಿಬಿದ್ದ ಮೀನುಗಳೆಂದು ಅಜ್ಜಿ ಹೇಳುತ್ತಿದ್ದಳು. ಸುಮಾರು ಒಂಬತ್ತೂವರೆ ಕೋಟಿ ವರ್ಷದ ಹಿಂದೆ ಈ ಬೆಟ್ಟವೇ ಸಮುದ್ರದ ತಳವಾಗಿತ್ತು, ಸತ್ತು ಕೆಳಗಿಳಿದ ಮೀನಿನ ಮೇಲೆ ಮೆತ್ತನೆಯ ಸುಣ್ಣದ ಕೆಸರು ಕೂತಿತು, ಅಲ್ಲಿ ಗಾಳಿಯೂ ಇಲ್ಲ, ಹುಳುವೂ ಇಲ್ಲ, ಅದಕ್ಕೇ ಮೀನು ಕೊಳೆಯದೆ ಉಳಿಯಿತು ಎಂದು ಈಗ ಶಾಲೆಯ ಮಕ್ಕಳು ಹೇಳುತ್ತಾರೆ. ವರ್ದೆಗೆ ಎರಡೂ ಕಥೆ ಒಪ್ಪಿಗೆ. "ಹೆಂಗೆ ಬಂತೋ ಬಂತು. ಹೊರಗೆ ತೆಗೆಯುವಾಗ ಮುರೀಬಾರ್ದು, ಅಷ್ಟೇ ನನ್ನ ಕೆಲಸ."

ಈ ಕೆಲಸ ಮೊದಲು ಅವರದಾಗಿರಲಿಲ್ಲ. ಕ್ವಾರಿ ತನ್ನೂಸ್ ಅವರ ಅಪ್ಪನದು, ಆಮೇಲೆ ತನ್ನೂಸ್ ಅವರದು. ಹೆಂಗಸರು ಮನೆಯಲ್ಲಿ ಕೂತು ಮೀನಿನ ಮೇಲೆ ಅಂಟಿದ ಕಲ್ಲಿನ ಹೊಟ್ಟನ್ನು ಸೂಜಿಯಿಂದ ಕೆರೆಯಬಹುದಿತ್ತು. ಸುತ್ತಿಗೆ ಮಾತ್ರ ಗಂಡಸರ ಕೈಯದು. ಅಂತರ್ಯುದ್ಧದ ವರ್ಷಗಳಲ್ಲೂ ತನ್ನೂಸ್ ಕಲ್ಲು ಸೀಳುವುದನ್ನು ಬಿಡಲಿಲ್ಲ. ಯುದ್ಧ ಮುಗಿದ ಮರುವರ್ಷ, ಬೇಸಗೆಯ ಒಂದು ಬೆಳಿಗ್ಗೆ, ಉಳಿಯ ತುದಿಯಿಂದ ಸಿಡಿದ ಚೂರು ಅವರ ಬಲಗಣ್ಣಿಗೆ ಹೊಕ್ಕಿತು. ಆ ಕಣ್ಣು ಅಂದೇ ಹೋಯಿತು. ಎಡಗಣ್ಣು ಚೆನ್ನಾಗಿಯೇ ಇತ್ತು. ಆದರೆ ಚಳಿಗಾಲ ಬರುವಷ್ಟರಲ್ಲಿ ಅದೂ ಮಂಜಾಯಿತು, ವಸಂತದಲ್ಲಿ ಪೂರ್ತಿ ಕತ್ತಲಾಯಿತು. ಒಂದು ಕಣ್ಣಿಗೆ ಪೆಟ್ಟಾದರೆ ಕೆಲವೊಮ್ಮೆ ಇನ್ನೊಂದೂ ಅದರ ಹಿಂದೆಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದರು.

"ಗುಂಡು ಹಾರ್ತಾ ಇದ್ದಾಗ ಏನೂ ಆಗ್ಲಿಲ್ಲ ನಂಗೆ," ಎನ್ನುತ್ತಾರೆ ತನ್ನೂಸ್. "ಶಾಂತಿ ಬಂದ ಮೇಲೆ ಕಲ್ಲು ಹೊಡೀತು. ಯಾರ ಹತ್ರ ಹೇಳ್ಕೊಳ್ಳೋದು?"

ಅವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮಗಳು ಸಲ್ಮಾ ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ವರ್ದೆ ಕೆಲವು ವಾರ ಕಾದರು. ಆಮೇಲೆ ಒಂದು ಬೆಳಿಗ್ಗೆ ಗಂಡನ ಷರಾಯಿ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ಸುತ್ತಿಗೆ ಹಿಡಿದು ಹೊರಟರು. ಮೊದಲ ದಿನ ಒಡೆದ ಕಲ್ಲಿನಲ್ಲೇ ಒಳ್ಳೆಯದೊಂದು ಹಾವುಮೀನು ಸಿಕ್ಕಿತು. ಅದನ್ನು ನೋಡಿದ ಸಂತೋಷಕ್ಕೆ ಇನ್ನೊಂದು ಏಟು ಜೋರಾಗಿ ಬಿದ್ದು ಮೀನು ನಾಲ್ಕು ತುಂಡಾಯಿತು.

"ಕೂತ್ಕೊಂಡು ಅತ್ತೆ," ಎನ್ನುತ್ತಾರೆ. "ಗಂಡನ ಕಣ್ಣು ಹೋದಾಗ ಅಷ್ಟು ಅತ್ತಿರ್ಲಿಲ್ಲ. ಆಗ ಅಳೋಕೆ ಪುರುಸೊತ್ತೇ ಇರ್ಲಿಲ್ಲ."

ಕ್ವಾರಿಯ ಮೇಲಿನ ಹಂತದ ತೋಟ ನೆರೆಯ ಮೆಲ್ಹೆಮ್ ಅವರದು. ಎರಡಕ್ಕೂ ನಡುವೆ ಕಲ್ಲಿನ ಗೋಡೆ. ಮೆಲ್ಹೆಮ್ ಒಳ್ಳೆಯ ತೋಟಗಾರ, ನಾಲಗೆ ಮಾತ್ರ ಉಪ್ಪಿನಕಾಯಿ. ಗೋಡೆಯ ಮೇಲೆ ಮೊಣಕೈ ಊರಿ ಅವರು ಕೇಳುತ್ತಿದ್ದ ಮಾತು ಊರಿಗೆಲ್ಲ ಬಾಯಿಪಾಠ. "ಏನು ಉಮ್ ಸಲ್ಮಾ, ಇವತ್ತು ಮೀನು ಹುರಿದಿದ್ದೋ, ಸಾರಿನದೋ?" ಗಂಡುಮಕ್ಕಳಿಲ್ಲದ್ದರಿಂದ ವರ್ದೆಯನ್ನು ಎಲ್ಲರೂ ಮಗಳ ಹೆಸರು ಹಿಡಿದು ಸಲ್ಮಾಳ ಅಮ್ಮ ಎಂದೇ ಕರೆಯುತ್ತಾರೆ. ವರ್ದೆ ಸುತ್ತಿಗೆ ನಿಲ್ಲಿಸುತ್ತಿರಲಿಲ್ಲ. ಉತ್ತರಿಸಿದ ದಿನ ಮಾತ್ರ ಸರಿಯಾಗಿ ಕೊಡುತ್ತಿದ್ದರು. "ನಿನ್ನ ಹೆಂಡತಿನ ಕೇಳು. ಹಸಿದುಕೊಂಡು ಗೋಡೆ ಹತ್ತೋ ಗಂಡಸು ಅವಳ ಮನೇಲಿ ತಾನೇ ಇರೋದು?"

ಎರಡನೆಯ ತಿಂಗಳಲ್ಲಿ ವರ್ದೆ ಒಂದು ಚಪ್ಪಡಿಯನ್ನು ಹೊತ್ತು ಮನೆಗೆ ತಂದು, ಗೋಡೆಗೆ ಮುಖ ಮಾಡಿ ಮಲಗಿದ್ದ ಗಂಡನ ಪಕ್ಕ ದಡಾರನೆ ಇಟ್ಟರು. ಬಡಿದರು. "ಎಲ್ಲಿ ಸೀಳಲಿ ಹೇಳು." ತನ್ನೂಸ್ ಕಂಬಳಿ ಎಳೆದುಕೊಂಡರು. ವರ್ದೆ ಬೇಕೆಂದೇ ತಪ್ಪು ಜಾಗದಲ್ಲಿ ಉಳಿಯಿಟ್ಟು ಒಂದು ಏಟು ಹಾಕಿದರು. ತನ್ನೂಸ್ ಎದ್ದು ಕೂತು ಬೈದರು. "ಅಲ್ಲಲ್ಲ ಮಾರಾಯ್ತಿ, ಕಲ್ಲು ಕೂಗ್ತಾ ಇದೆ, ಕಿವಿ ಇಲ್ವಾ ನಿಂಗೆ?"

"ಇಲ್ಲ," ಎಂದರು ವರ್ದೆ. "ನಿಂಗಿದೆ. ನಾಳೆಯಿಂದ ಬಾ."

ಅಂದಿನಿಂದ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಹಗ್ಗದ ಒಂದು ತುದಿ ವರ್ದೆಯ ಸೊಂಟಕ್ಕೆ, ಇನ್ನೊಂದು ತನ್ನೂಸ್ ಕೈಯಲ್ಲಿ. ಝಾತರ್ ಎಂಬ ಸೊಪ್ಪಿನ ಪುಡಿ ಹಚ್ಚಿದ ರೊಟ್ಟಿ, ಆಲಿವ್, ಒಂದು ಫ್ಲಾಸ್ಕ್ ಕಾಫಿ. ಬಿಸಿಲೇರುವ ತನಕ ಹಾರೆಯಿಂದ ಪದರ ಎಬ್ಬಿಸುವುದು, ಆಮೇಲೆ ನೆರಳಿನಲ್ಲಿ ಕೂತು ಸೀಳುವುದು, ಸಂಜೆ ಮನೆಯ ಕಿಟಕಿಯ ಬಳಿ ಭೂತಗನ್ನಡಿ ಹಿಡಿದು ಸೂಜಿಯಿಂದ ಕೆರೆಯುವುದು. ಕೈಗಾಡಿ ತುಂಬ ಕಲ್ಲು ಸೀಳಿದರೂ ಒಂದು ಮೀನು ಸಿಗದ ದಿನಗಳೇ ಹೆಚ್ಚು. ಸಿಕ್ಕಿದ್ದರಲ್ಲೂ ತಲೆಯಿಂದ ಬಾಲದವರೆಗೆ ಪೂರ್ತಿ ಇರುವುದು ಅಪರೂಪ. ಸಿಗಡಿ, ಹಾರುವ ಮೀನು, ಇನ್ನೊಂದು ಮೀನನ್ನು ನುಂಗುತ್ತಲೇ ಸತ್ತ ಮೀನು, ಹೀಗೆ ಅವರ ಕೈಯಿಂದ ಹೊರಬಂದವು ಎಲ್ಲೆಲ್ಲಿಯ ಗಾಜಿನ ಪೆಟ್ಟಿಗೆಗಳಲ್ಲೋ ಇವೆ. ಯಾವುದರ ಕೆಳಗೂ ವರ್ದೆಯ ಹೆಸರಿಲ್ಲ. ಮಾರುವಾಗ ಬರೆಯಿಸುತ್ತಿದ್ದುದು ತನ್ನೂಸ್ ಹೆಸರು. "ಹೆಂಗಸು ತೆಗೆದಿದ್ದು ಅಂದ್ರೆ ಅರ್ಧ ಜನ ಮುರಿದಿದೆ ಅಂದ್ಕೊಳ್ತಿದ್ರು," ಎನ್ನುತ್ತಾರೆ, ಸಿಟ್ಟಿಲ್ಲದೆ.

ಕಳೆದ ವರ್ಷ ಆಲಿವ್ ಕೊಯ್ಲಿನ ಹೊತ್ತಿಗೆ ಆ ದೊಡ್ಡ ಮೀನು ಬಂತು.

ಮೆಲ್ಹೆಮ್ ಅವರ ಗೋಡೆಯ ಬುಡದಲ್ಲಿ ವರ್ದೆ ಹಾರೆ ಹಾಕಿ ಮೇಲಿನ ಪದರ ಎಬ್ಬಿಸುತ್ತಿದ್ದಾಗ ಅಡಿಯಲ್ಲಿ ಕಂದು ಬಣ್ಣದ ಅಂಚೊಂದು ಕಂಡಿತು. ವರ್ದೆ ಹಾರೆ ಬಿಸಾಡಿ ಬೆರಳಿನಿಂದ ಮಣ್ಣು ಸರಿಸಿದರು. ಅಂಚು ಮುಗಿಯಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬೀಸಣಿಗೆಯ ಹಾಗೆ ಹರಡಿದ ಎರಡು ರೆಕ್ಕೆ, ಚೂಪು ಮೂತಿ, ಅಗಲವಾದ ಬೆನ್ನು ಕಂಡವು. ಚಪ್ಪಟೆ ಮೈಯ ತೊರಕೆ ಜಾತಿಯ ಮೀನು. ಅಷ್ಟು ದೊಡ್ಡದು ಅವರ ಕಾಲದಲ್ಲಿ ಬಂದಿರಲಿಲ್ಲ, ಮಾವನ ಕಾಲದಲ್ಲೂ ಬಂದಿರಲಿಲ್ಲ. ಸೊಂಟದವರೆಗೆ ಮೀನು ಇತ್ತ ಇತ್ತು. ಬಾಲ ಗೋಡೆಯ ಅಡಿಗೆ ಹೋಗಿತ್ತು.

ತನ್ನೂಸ್ ಮಂಡಿಯೂರಿ ಗೋಡೆಯ ಬುಡದ ಕಲ್ಲನ್ನು ಬಡಿದು ಕೇಳಿದರು. ಬಹಳ ಹೊತ್ತು ಕೇಳಿದರು. "ಒಂದೇ ಹಾಸು. ಆ ಕಡೆಗೂ ಹೋಗುತ್ತೆ. ಆದ್ರೆ ತೆಳು ಇದೆ. ಮಳೆ ನೀರು ಒಳಗೆ ಇಳಿದ್ರೆ ಹಪ್ಪಳದ ಹಾಗೆ ಏಳುತ್ತೆ."

ಮಳೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಗೋಡೆಯ ನೆತ್ತಿಯ ಮೇಲೆ, ಸರಿಯಾಗಿ ಬಾಲದ ಮೇಲೆಯೇ, ಮೆಲ್ಹೆಮ್ ಅವರ ಬಾದಾಮಿ ಮರ. ತೀರಿಹೋದ ಅವರ ತಾಯಿ ನೆಟ್ಟದ್ದು.

ಸುದ್ದಿ ಹೇಗೋ ಕರಾವಳಿಗೆ ಇಳಿಯಿತು. ಎರಡು ದಿನದಲ್ಲಿ ವ್ಯಾಪಾರಿಯೊಬ್ಬ ಕಾರಿನಲ್ಲಿ ಬಂದ. ಮೀನಿನ ಸುತ್ತ ಸುತ್ತಿ, ಗೋಡೆಯನ್ನು ನೋಡಿ, ಕೈ ಒರೆಸಿಕೊಂಡು ಹೇಳಿದ. "ಗೋಡೆ ತಂಟೆ ಬೇಡಮ್ಮ. ಇಲ್ಲಿಗೇ ಗರಗಸ ಹಾಕಿ. ಬಾಲ ನನ್ನ ಹತ್ರ ಬೇರೆ ಇದೆ, ಇದೇ ಜಾತಿದು. ಅಂಟಿಸಿ ಬಣ್ಣ ಕೊಟ್ರೆ ಅದರ ತಾಯಿಗೂ ಗೊತ್ತಾಗಲ್ಲ."

ವರ್ದೆ ಅವನಿಗೆ ಕಾಫಿ ಕೊಟ್ಟರು. ಅವನು ಕುಡಿದು ಮುಗಿಸುವವರೆಗೆ ಕಾದರು. ಆಮೇಲೆ ಕಾರಿನ ಬಾಗಿಲು ತಾವೇ ತೆಗೆದು ಹಿಡಿದರು. "ನಂಗೆ ಗೊತ್ತಾಗುತ್ತೆ. ಹೋಗಿ ಬನ್ನಿ."

ಅದೇ ಸಂಜೆ ಅವರು ಮೆಲ್ಹೆಮ್ ಮನೆಯ ಬಾಗಿಲು ತಟ್ಟಿದರು. ಅಷ್ಟು ವರ್ಷದಲ್ಲಿ ಮೊದಲ ಸಲ. ಏನೂ ಕೇಳಲಿಲ್ಲ. "ಬಂದು ಒಂದ್ಸಲ ನೋಡು," ಎಂದಷ್ಟೇ ಹೇಳಿದರು.

ಮೆಲ್ಹೆಮ್ ಗೋಡೆಯ ಮೇಲಿನಿಂದ ಕ್ವಾರಿಯನ್ನು ನೋಡಿದ್ದರೇ ಹೊರತು ಕೆಳಗೆ ಇಳಿದವರಲ್ಲ. ಅಂದು ಇಳಿದರು. ಮೀನಿನ ಮುಂದೆ ಟೋಪಿ ತೆಗೆದು ನಿಂತರು. ರೆಕ್ಕೆಯ ಎಳೆಎಳೆಯನ್ನೂ ನೋಡಿದರು. ನಂತರ ತಲೆಯೆತ್ತಿ ಮರ ನೋಡಿದರು.

"ಹಂಗಾದ್ರೆ ಬಾಲ ನಂದು," ಎಂದರು ಕಡೆಗೆ.

"ನಿಂದೇ. ತಗೊಂಡು ಸಾರು ಮಾಡು."

ಮೆಲ್ಹೆಮ್ ನಗಲಿಲ್ಲ. "ಅಮ್ಮ ನೆಟ್ಟಿದ್ದು ಆ ಮರ. ನಾನು ಕಡೀಬೇಕು, ನೀನು ಮಾರ್ಬೇಕು, ಆಮೇಲೆ ಈ ಮೀನು ಯಾವನದೋ ಊಟದ ಮನೆ ಗೋಡೆ ಮೇಲೆ ಕೂರ್ಬೇಕು. ಅದಾಗಲ್ಲ. ಊರಲ್ಲೇ ಇರುತ್ತೆ ಅಂದ್ರೆ ಕಡೀತೀನಿ. ಇಲ್ಲಾಂದ್ರೆ ಮರ ಅಲ್ಲೇ ಇರ್ಲಿ, ಬಾಲನೂ ಅಲ್ಲೇ ಇರ್ಲಿ."

ಇದು ಸುಲಭದ ಮಾತಾಗಿರಲಿಲ್ಲ. ವರ್ದೆಯ ಮನೆಯ ಚಾವಣಿ ಹಿಂದಿನ ಹಿಮಕ್ಕೆ ಬಿರುಕು ಬಿಟ್ಟಿತ್ತು. ಮಲಗುವ ಕೋಣೆಯಲ್ಲಿ ಬಕೆಟ್ ಇಟ್ಟು ಚಳಿಗಾಲ ಕಳೆದಿದ್ದರು. ಅಂಥದೊಂದು ಮೀನು ಮಾರಿದರೆ ಚಾವಣಿಯೇ ಏಕೆ, ಇನ್ನೊಂದು ಕೋಣೆಯನ್ನೇ ಕಟ್ಟಿಸಬಹುದಿತ್ತು. ಅವರು ಗಂಡನ ಕಡೆ ತಿರುಗಿದರು. "ನೀನೇನಂತೀಯ?"

"ನಾನು ಅದನ್ನ ನೋಡೇ ಇಲ್ವಲ್ಲೇ," ಎಂದರು ತನ್ನೂಸ್. "ನೀನು ತೆಗೆದಿದ್ದು. ನೀನೇ ಹೇಳು."

ವರ್ದೆ ಆ ರಾತ್ರಿ ಮಲಗಿ ಚಾವಣಿಯ ಬಿರುಕು ನೋಡುತ್ತಿದ್ದರು. ಬೆಳಿಗ್ಗೆ ಗೋಡೆಯ ಬಳಿ ನಿಂತು ಕೂಗಿದರು. "ಮೆಲ್ಹೆಮ್! ಊರಲ್ಲೇ ಇರುತ್ತೆ. ಆದ್ರೆ ನಂದೂ ಒಂದು ಷರತ್ತು. ಮರ ಕಡಿದು ಮನೆಗೆ ಹೋಗಿ ಕೂರೋ ಹಾಗಿಲ್ಲ. ನನ್ನ ಜೊತೆ ಕೆಲಸ ಮಾಡ್ಬೇಕು. ಹೊಡಿ ಅಂದಾಗ ಹೊಡೀಬೇಕು, ನಿಲ್ಲು ಅಂದಾಗ ನಿಲ್ಬೇಕು. ಬಾಯಿ ಮುಚ್ಚಿರ್ಬೇಕು."

"ಕಡೇದೊಂದು ಬಿಟ್ಟು ಎಲ್ಲ ಆಗುತ್ತೆ," ಎಂದರು ಮೆಲ್ಹೆಮ್.

ಬಾದಾಮಿ ಮರ ಬಿತ್ತು. ಗರಗಸ ಹಾಕುವ ಮುನ್ನ ಮೆಲ್ಹೆಮ್ ಕಾಂಡಕ್ಕೆ ಹಣೆಯಿಟ್ಟು ಏನೋ ಹೇಳಿದ್ದನ್ನು ವರ್ದೆ ಕಂಡರು, ಮುಖ ಆಚೆ ತಿರುಗಿಸಿದರು. ಗೋಡೆಯನ್ನು ಒಂದೊಂದೇ ಕಲ್ಲಾಗಿ ಬಿಚ್ಚಿದರು. ಬೇರು ಕತ್ತರಿಸಿ, ಮಣ್ಣು ತೆಗೆದು, ಮೇಲಿನ ಪದರಗಳನ್ನು ಬೆಣೆಯಿಟ್ಟು ಎಬ್ಬಿಸುತ್ತ ಹೋದರು. ಊರಿನವರು ಕೊಯ್ಲು ಬಿಟ್ಟು ಬಂದು ಸುತ್ತ ನಿಂತರು. ವರ್ದೆ ಹೊಡಿ ಅಂದರೆ ಮೆಲ್ಹೆಮ್ ಹೊಡೆದರು, ನಿಲ್ಲು ಅಂದರೆ ನಿಂತರು. ಅವರ ಹೆಂಡತಿ ಮೇಲಿನಿಂದ ನೋಡಿ, "ಮನೇಲಿ ಈ ಮಾತು ನಾನು ಹೇಳಿದ್ರೆ ಯಾಕೆ ಕೇಳಲ್ಲ?" ಎಂದಾಗ ಇಡೀ ಬೆಟ್ಟ ನಕ್ಕಿತು.

ಕೆಲಸ ಮುಗಿಯುವ ಮೊದಲೇ ಮೋಡ ಬಂತು. ಸಮುದ್ರದ ಕಡೆ ಆಕಾಶ ಕಪ್ಪಾಗಿತ್ತು. ಮೀನಿನ ಸುತ್ತ ಕಾಲುವೆ ಕೊರೆದಾಗಿತ್ತು, ಹಾಸಿನ ಅಡಿಗೆ ಹಲಗೆ ತೂರಿಸುವುದಷ್ಟೇ ಬಾಕಿ. ಎಲ್ಲರೂ ಹಾರೆ ಹಿಡಿದು ಸಾಲಾಗಿ ನಿಂತಿದ್ದರು. "ಎತ್ತಿ" ಎಂದು ವರ್ದೆ ಬಾಯಿ ತೆರೆಯುವಷ್ಟರಲ್ಲಿ ತನ್ನೂಸ್ ಕುರ್ಚಿಯಿಂದ ಚೀರಿದರು.

"ನಿಲ್ಲಿ! ಯಾರೂ ಅಲುಗಾಡಬೇಡಿ!"

ಯಾರಿಗೂ ಏನೂ ಕೇಳಿಸಿರಲಿಲ್ಲ. ತನ್ನೂಸ್ ತೆವಳಿಕೊಂಡೇ ಬಂದು ಕಲ್ಲುಹಾಸಿನ ಮೇಲೆ ಕಿವಿಯಿಟ್ಟರು. "ಬಾಲದ ಹತ್ರ ಕಲ್ಲು ಹಲ್ಲು ಕಡೀತಾ ಇದೆ. ಅಲ್ಲಿ ಅಡಿ ಇನ್ನೂ ಬಿಟ್ಟಿಲ್ಲ. ಎತ್ತಿದ್ರೆ ಪುಡಿಯಾಗುತ್ತೆ."

ಮೊದಲ ಹನಿಗಳು ಬಿದ್ದವು. ವರ್ದೆ ಬೋರಲು ಮಲಗಿ, ಬಾಲದ ಅಡಿಯ ಸಂದಿಗೆ ಕೈ ತೂರಿಸಿ, ಸೂಜಿಯುಳಿಯಿಂದ ಕೆರೆಯತೊಡಗಿದರು. ಮೆಲ್ಹೆಮ್ ತಮ್ಮ ಕೋಟು ಬಿಚ್ಚಿ ಮೀನಿನ ಮೇಲೆ ಹಿಡಿದರು. ಅದನ್ನು ನೋಡಿ ಉಳಿದವರೂ ಕೋಟು, ಕಂಬಳಿ, ಕೊಯ್ಲಿನ ಗುಡಾರಬಟ್ಟೆ ತಂದು ಹಿಡಿದರು. ಜನರೆಲ್ಲ ತೊಯ್ದರು, ಮೀನಿಗೆ ಒಂದು ಹನಿ ಬೀಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತನ್ನೂಸ್ "ಈಗ ಸುಮ್ಮನಾಯ್ತು" ಎಂದರು. ವರ್ದೆ ಕೆಸರಿನಲ್ಲೇ ಎದ್ದು ನಿಂತು "ಎತ್ತಿ" ಎಂದರು.

ಹಾಸು ಎರಡು ಕಡೆ ಬಿರಿಯಿತು. ಎರಡೂ ಮೀನಿನ ಮೈಯಿಂದ ಹೊರಗೆ. ಬಾಲದ ತುದಿಯ ಚಾಟಿಯವರೆಗೆ ಒಂದು ಮುಳ್ಳೂ ಕಳೆಯದೆ, ಹತ್ತಿರ ಹತ್ತಿರ ಆಳುದ್ದದ ಮೀನು ಹಲಗೆಯ ಮೇಲೆ ಬಂತು. ಹೆಣ ಹೊರುವ ಹಾಗೆ ಅಲ್ಲ, ಮದುಮಗನನ್ನು ಹೊರುವ ಹಾಗೆ ಭುಜದ ಮೇಲೆ ಹೊತ್ತು ಊರಿಗೆ ತಂದರು. ಹೆಂಗಸರು ನಾಲಗೆ ಮಿಡಿದು ಮದುವೆಯ ಕೂಗು ಹಾಕಿದರು. ಮುಚ್ಚಿಹೋಗಿದ್ದ ಹಳೆಯ ರೇಷ್ಮೆ ಕಾರ್ಖಾನೆಯ ಬೀಗ ಒಡೆದು ಒಳಗಿಟ್ಟರು.

ಚಳಿಗಾಲವಿಡೀ ವರ್ದೆ ಅಲ್ಲೇ ಕೂತು ಸೂಜಿಯಿಂದ ಮೀನನ್ನು ಬಿಡಿಸಿದರು. ಅಷ್ಟರಲ್ಲಿ ಅವರ ಚಾವಣಿಗೆ ಮೆಲ್ಹೆಮ್ ಮತ್ತು ಊರಿನ ನಾಲ್ಕಾರು ಜನ ಹತ್ತಿ ಗಾರೆ ಹಾಕಿದರು. ವರ್ದೆ ಕೇಳಿರಲಿಲ್ಲ. ಇಳಿಯಿರಿ ಎಂದು ಬೈದರು, ಆಮೇಲೆ ಅಡುಗೆ ಮಾಡಿ ಬಡಿಸಿದರು. ಮೀನು ಪೂರ್ತಿ ಸಿದ್ಧವಾದ ದಿನ ಗಂಡನ ಕೈ ಹಿಡಿದು ತಂದು ಮೂತಿಯ ಮೇಲೆ ಇಟ್ಟರು. ತನ್ನೂಸ್ ಬೆರಳು ರೆಕ್ಕೆಯ ಅಂಚು ಹಿಡಿದು ಸುತ್ತಿ, ಬೆನ್ನಿನ ಮೇಲೆ ಇಳಿದು, ಬಾಲದ ತುದಿಗೆ ಹೋಗಿ ನಿಂತಿತು. ಅವರು ಮತ್ತೆ ಮೂತಿಯಿಂದ ಶುರು ಮಾಡಿದರು.

"ಎಡಕ್ಕೆ ತಿರುಗ್ತಾ ಇತ್ತು, ಅಲ್ವಾ?" ಎಂದರು. "ಏನೋ ಕಂಡಿರ್ಬೇಕು ಅದಕ್ಕೆ."

ವರ್ದೆ ಅಷ್ಟು ದಿನ ಭೂತಗನ್ನಡಿ ಹಿಡಿದು ನೋಡಿದ್ದರೂ ಅದನ್ನು ಗಮನಿಸಿರಲಿಲ್ಲ. ಬಾಗಿ ನೋಡಿದರು. ಹೌದು, ಬೆನ್ನು ಎಡಕ್ಕೆ ಬಾಗಿತ್ತು.

ಈಗ ಕಾರ್ಖಾನೆಯ ಆ ಕೋಣೆಗೆ ಭಾನುವಾರ ಜನ ಬರುತ್ತಾರೆ. ಕರಾವಳಿಯ ಶಾಲೆಯಲ್ಲಿ ಪಾಠ ಹೇಳುವ ಸಲ್ಮಾ ಮಕ್ಕಳನ್ನು ಬಸ್ಸಿನಲ್ಲಿ ಕರೆತರುತ್ತಾರೆ. ಬಾಗಿಲಲ್ಲಿ ಟೋಪಿ ಹಾಕಿಕೊಂಡು ನಿಂತು ಕಥೆ ಹೇಳುವವರು ಮೆಲ್ಹೆಮ್. ಅವರ ಕಥೆಯಲ್ಲಿ ಮಳೆ ಪ್ರತಿವಾರ ಹೆಚ್ಚಾಗುತ್ತಿದೆ, ಮೀನು ಪ್ರತಿವಾರ ಉದ್ದವಾಗುತ್ತಿದೆ. ಆದರೆ ಒಂದು ಮಾತು ಮಾತ್ರ ಬದಲಾಗುವುದಿಲ್ಲ. ಮೀನಿಗೆ ಹೊದಿಸಿದ ಗಾಜಿನ ಕೆಳಗಿನ ಹೆಸರಿನ ಹಲಗೆಯ ಕಡೆ ಕೈ ತೋರಿಸಿ, ಓದಲು ಬಾರದ ಪುಟ್ಟ ಮಕ್ಕಳಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಾರೆ. "ತೆಗೆದವರು ವರ್ದೆ. ನಾನು ಕೂಲಿ."

ವರ್ದೆ ಆ ಕೋಣೆಗೆ ಹೋಗುವುದು ಕಡಿಮೆ. ಅರವತ್ತು ದಾಟಿದ ಮಂಡಿ ನೋಯುತ್ತದೆ, ಬೆರಳ ಗೆಣ್ಣು ದಪ್ಪಗಾಗಿದೆ. ಆದರೂ ಕ್ವಾರಿಯ ಕೆಳಗಿನ ಪದರ ಅವರಿಗಿನ್ನೂ ಬಾಕಿ ಇದೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಕೈಯ ಸುಣ್ಣದ ಪುಡಿ ಕೊಡವಿ, ಕೆಳಗೆ ದೂರದಲ್ಲಿ ಬಿಸಿಲಿಗೆ ಹೊಳೆಯುತ್ತಿರುವ ಸಮುದ್ರದ ಕಡೆ ಗಲ್ಲ ಎತ್ತುತ್ತಾರೆ.

"ಮದುವೆಯಾದ ಮೇಲೆ ಅಲ್ಲಿಗೆ ಹೋಗಿಲ್ಲ. ದಿನಾ ಕಾಣ್ತದೆ, ಹೋಗೋಕೆ ಆಗಿಲ್ಲ. ಇಷ್ಟು ವರ್ಷ ಮೀನುಗಳು ನಮ್ಮನೆಗೆ ಬಂದಿವೆ. ಒಂದ್ಸಲ ನಾವೂ ಅವುಗಳ ಮನೆಗೆ ಹೋಗಿ ಬರೋದು ಮರ್ಯಾದೆ ಅಲ್ವಾ? ಇವರನ್ನ ಕರ್ಕೊಂಡು ಹೋಗಿ, ನೀರಲ್ಲಿ ಕಾಲು ಬಿಟ್ಕೊಂಡು ಕೂತು ಬರ್ಬೇಕು."

"ಯಾವಾಗ?" ಎನ್ನುತ್ತಾರೆ ತನ್ನೂಸ್.

"ಭಾನುವಾರ. ಸಂಜೆಗೆ ವಾಪಸ್. ಸೋಮವಾರ ಕೆಲಸ ಇದೆ."

ಹೇಳುತ್ತಲೇ ಅವರು ಇನ್ನೊಂದು ಚಪ್ಪಡಿಯನ್ನು ಅಂಚಿನ ಮೇಲೆ ನಿಲ್ಲಿಸುತ್ತಾರೆ.